ಯಾದಗಿರಿ, ಶಹಾಪುರ ಹಾಗೂ ಸುರಪುರ ನಗರಗಳಲ್ಲಿ ಸಾರ್ವಜನಿಕ ಕಲೆ: ಹಣದ ಮೂಲ, ಕೆಲಸ ವಹಿಸುವ ವಿಧಾನ ಮತ್ತು ಮನ್ನಣೆ – ಒಂದು ವಿಶ್ಲೇಷಣೆ

2009ರ ಡಿಸೆಂಬರ್ 30ರಂದು ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾಗಿ ಯಾದಗಿರಿ ಅಸ್ತಿತ್ವಕ್ಕೆ ಬಂದಿತು. ಅಂದಿನಿಂದ ಜಿಲ್ಲಾ ಕೇಂದ್ರದಲ್ಲಿ ಕಚೇರಿ ಕಟ್ಟಡಗಳು, ಆಸ್ಪತ್ರೆ, ವೈದ್ಯಕೀಯ ಕಾಲೇಜು, ರಸ್ತೆ ಮತ್ತು ವೃತ್ತಗಳು ನಿರ್ಮಾಣಗೊಂಡಿವೆ. ಖಾತಾ ನಕಲು, ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ ಮುಂತಾದ ಸೇವೆಗಳಿಗಾಗಿ ಯಾದಗಿರಿ, ಶಹಾಪುರ ಮತ್ತು ಸುರಪುರ ನಗರಸಭೆಗಳಿಗೆ ಬರುವ ಸಾರ್ವಜನಿಕರು ದಾರಿಯಲ್ಲಿ ವೃತ್ತದ ಪ್ರತಿಮೆಯನ್ನೋ, ಆವರಣ ಗೋಡೆಯ ಮೇಲಿನ ಸ್ವಚ್ಛತಾ ಚಿತ್ರವನ್ನೋ, ಉದ್ಯಾನದ ಸಿಮೆಂಟ್ ಜಿಂಕೆಯನ್ನೋ ನೋಡಿಯೇ ಇರುತ್ತಾರೆ. ಇವುಗಳಿಗೆ ಹಣ ಎಲ್ಲಿಂದ ಬರುತ್ತದೆ, ಯಾರು ಯಾರಿಗೆ ಕೆಲಸ ವಹಿಸುತ್ತಾರೆ, ಕೆಲಸ ಉತ್ತಮವಾಗಿದೆಯೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ದೊರೆಯುವುದು ಕಷ್ಟ. ಆ ಉತ್ತರಗಳನ್ನು ಸಾಧ್ಯವಾದಷ್ಟು ಒಟ್ಟುಗೂಡಿಸಿ ಪರಿಶೀಲಿಸುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ಸುಮಾರು ಶೇ. 52, ಆ ಗಣತಿಯಲ್ಲಿ ರಾಜ್ಯದ ಜಿಲ್ಲೆಗಳ ಪೈಕಿ ಇದು ಅತ್ಯಂತ ಕಡಿಮೆ. 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿ ಇರಿಸಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಆರಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಸೇರಿದ್ದವು. ಆದಕಾರಣ ಇಲ್ಲಿ ಕಲೆಗೆ ಹಣ ವೆಚ್ಚ ಮಾಡುವುದು ಸರಿಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಾಸ್ತವದಲ್ಲಿ ಹಣ ಈಗಾಗಲೇ ವೆಚ್ಚವಾಗುತ್ತಿದೆ. ‘ವೃತ್ತ ಅಭಿವೃದ್ಧಿ’, ‘ಉದ್ಯಾನ ಅಭಿವೃದ್ಧಿ’, ‘ಜನಜಾಗೃತಿ’, ‘ರಸ್ತೆ ಸೌಂದರ್ಯೀಕರಣ’ ಎಂಬ ಶೀರ್ಷಿಕೆಗಳ ಅಡಿ ಅದು ಹಂಚಿಹೋಗಿರುವುದರಿಂದ ಕಲೆಯ ವೆಚ್ಚವೆಂದು ಕಣ್ಣಿಗೆ ಬೀಳುವುದಿಲ್ಲ.

ಹಿಂದಿನ ಪೋಷಣೆಯ ಬಗೆ

ಭೀಮಾ ನದಿಯ ದಂಡೆಯಲ್ಲಿ, ನೆರೆಯ ಕಲಬುರಗಿ ಜಿಲ್ಲೆಯ ಸನ್ನತಿ–ಕನಗನಹಳ್ಳಿ ಬೌದ್ಧ ನೆಲೆಯಿದೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಆರಂಭಿಸಿದ ಈ ಮಹಾಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಸಾಮ್ರಾಟ ಅಶೋಕನ ಹೆಸರನ್ನು ಕೊರೆದ ಉಬ್ಬುಶಿಲ್ಪವೂ ದೊರೆತಿರುವುದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯೆಂದರೆ, ಅಲ್ಲಿನ ಅನೇಕ ಫಲಕಗಳ ಮೇಲೆ ಅವುಗಳನ್ನು ಮಾಡಿಸಿಕೊಟ್ಟ ದಾನಿಗಳ ಹೆಸರುಗಳಿವೆ. ಸಾರ್ವಜನಿಕ ಸ್ಥಳದಲ್ಲಿ ನಿಂತ ಶಿಲ್ಪಕ್ಕೆ ಯಾರು ಹಣ ನೀಡಿದರೆಂಬುದನ್ನು ಶಿಲ್ಪದ ಮೇಲೆಯೇ ದಾಖಲಿಸುವ ಪದ್ಧತಿ ಭೀಮಾ ತೀರದಲ್ಲಿ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಇತ್ತು. ಇಂದಿನ ಉದ್ಘಾಟನಾ ಫಲಕಗಳಲ್ಲಿ ಹತ್ತಾರು ಹೆಸರುಗಳಿದ್ದರೂ ವೆಚ್ಚದ ಮೊತ್ತ ಮತ್ತು ಕಲಾವಿದನ ಹೆಸರು ಇರುವುದು ವಿರಳ.

ಸುರಪುರದ ಪರಂಪರೆ ಬೇರೆ ಬಗೆಯದು. ಸುರಪುರ ನಾಯಕರ ಆಶ್ರಯದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಬೆಳೆದ ಚಿತ್ರಶೈಲಿಯು ಮೈಸೂರು ಮತ್ತು ತಂಜಾವೂರು ಶೈಲಿಗಳ ಬಂಧುವಾಗಿದ್ದರೂ ತನ್ನದೇ ಲಕ್ಷಣಗಳನ್ನು ಹೊಂದಿದೆ. ಸೂಕ್ಷ್ಮ ರೇಖೆ, ಚಿನ್ನದ ಹಾಳೆಯ ಬಳಕೆ, ದೇವತಾ ಚಿತ್ರಗಳು ಮತ್ತು ದರ್ಬಾರಿನ ದೃಶ್ಯಗಳು ಇದರ ವೈಶಿಷ್ಟ್ಯ. ಇಲ್ಲಿ ಹಣ ನೀಡುವವರು, ಕೆಲಸ ವಹಿಸುವವರು, ಗುಣ ನಿರ್ಣಯಿಸುವವರು ಎಲ್ಲವೂ ಅರಮನೆಯೇ. 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಸುರಪುರದ ಬೆಟ್ಟದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. 1857–58ರ ಹೋರಾಟದಲ್ಲಿ ರಾಜಾ ವೆಂಕಟಪ್ಪ ನಾಯಕರು ಪ್ರಾಣ ತೆತ್ತ ನಂತರ, 1860ರಲ್ಲಿ ಸಂಸ್ಥಾನವು ಹೈದರಾಬಾದಿನ ನಿಜಾಮರ ವಶವಾಯಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ಚಿತ್ರಕಾರರಿಗೆ ಬೇರೆ ಪೋಷಕರು ಒದಗಲಿಲ್ಲ. ಒಬ್ಬನೇ ಪೋಷಕನನ್ನು ನಂಬಿ ನಿಂತ ಕಲೆಗೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ. ಇತ್ತೀಚಿನ ದಶಕಗಳಲ್ಲಿ ಈ ಶೈಲಿಗೆ ಮರುಜೀವ ನೀಡುವ ಕೆಲಸ ಹೆಚ್ಚಾಗಿ ಕಲಬುರಗಿಯ ಕಲಾವಿದರಿಂದ ನಡೆದಿದೆ.

ಕಾಯ್ದೆಯಲ್ಲಿ ಕಲೆಯ ಸ್ಥಾನ

1992ರ ಸಂವಿಧಾನದ 74ನೆಯ ತಿದ್ದುಪಡಿಯ ಮೂಲಕ ಸೇರಿಸಲಾದ 12ನೆಯ ಅನುಸೂಚಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ 12ನೆಯದು ಉದ್ಯಾನ, ಆಟದ ಮೈದಾನ ಮುಂತಾದ ಸೌಕರ್ಯಗಳಿಗೆ ಸಂಬಂಧಿಸಿದ್ದು. 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಉತ್ತೇಜನ. ಹೀಗಾಗಿ ನಗರದ ಅಂದಚೆಂದವನ್ನು ನೋಡಿಕೊಳ್ಳುವುದು ನಗರಸಭೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳುವಂತಿಲ್ಲ. ಆದರೆ ಈ ಮೂರೂ ನಗರಸಭೆಗಳಿಗೆ ಅನ್ವಯಿಸುವ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಕರ್ತವ್ಯಗಳನ್ನು ಕಡ್ಡಾಯ ಮತ್ತು ವಿವೇಚನಾಧೀನ ಎಂದು ಎರಡಾಗಿ ವಿಂಗಡಿಸುತ್ತದೆ. ಬೀದಿ ದೀಪ, ಚರಂಡಿ, ನೈರ್ಮಲ್ಯ, ಕುಡಿಯುವ ನೀರು ಮೊದಲನೆಯ ಗುಂಪಿಗೆ ಸೇರುತ್ತವೆ. ಉದ್ಯಾನ, ವಸ್ತುಸಂಗ್ರಹಾಲಯದಂತಹವು ಎರಡನೆಯದಕ್ಕೆ. ಕಟ್ಟಡ ಕಾಮಗಾರಿಯ ವೆಚ್ಚದಲ್ಲಿ ಇಂತಿಷ್ಟು ಪಾಲು ಕಲೆಗೆ ಮೀಸಲಿಡತಕ್ಕದ್ದು ಎಂಬ ಉಪಬಂಧ ಅಧಿನಿಯಮದಲ್ಲಿ ಇಲ್ಲ.

ವಿವೇಚನೆಗೆ ಉಳಿಯುವ ಹಣ ಎಷ್ಟು ಎಂಬುದನ್ನೂ ನೋಡಬೇಕು. 2011ರ ಜನಗಣತಿಯಂತೆ ಯಾದಗಿರಿ ನಗರದ ಜನಸಂಖ್ಯೆ ಸುಮಾರು 74 ಸಾವಿರ. ಶಹಾಪುರ ಮತ್ತು ಸುರಪುರ ತಲಾ 50 ಸಾವಿರದ ಆಸುಪಾಸು. ಈ ಗಾತ್ರದ ಊರುಗಳಲ್ಲಿ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕಗಳಿಂದ ಬರುವ ಸ್ವಂತ ಸಂಪನ್ಮೂಲ ಮಿತವಾದುದು. ಅದರಲ್ಲಿಯೂ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣಕ್ಕೆ, ಶೇ. 7.25ರಷ್ಟನ್ನು ಇತರೆ ಬಡ ಜನರಿಗೆ, ಶೇ. 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕಾಗುತ್ತದೆ. ಈ ಮೀಸಲುಗಳು ನ್ಯಾಯವಾದವು. ಅವುಗಳಿಂದ ಕಡಿತಗೊಳಿಸಿ ಕಲೆಗೆ ನೀಡಬೇಕೆಂದು ಯಾರೂ ಕೇಳುವಂತಿಲ್ಲ. 15ನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಇಂತಹ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾಗಿತ್ತು; ಉಳಿದ ಶೇ. 40ನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದಾಗಿದ್ದರೂ ರಸ್ತೆ ಮತ್ತು ಚರಂಡಿಯ ಬೇಡಿಕೆಯೇ ಅದನ್ನು ಮೀರುವಂತಿರುತ್ತದೆ.

ಈ ಭಾಗಕ್ಕೆ ವಿಶೇಷವಾದ ಮತ್ತೊಂದು ಮೂಲವಿದೆ. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯನ್ವಯ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯು, 2019ರಲ್ಲಿ ಪ್ರದೇಶದ ಹೆಸರು ಬದಲಾದ ನಂತರ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎನಿಸಿಕೊಂಡಿದೆ. 2024–25ರ ರಾಜ್ಯ ಆಯವ್ಯಯದಲ್ಲಿ ಮಂಡಳಿಗೆ 5,000 ಕೋಟಿ ರೂ. ಘೋಷಿಸಲಾಗಿತ್ತು. ಶಾಲಾ ಕೊಠಡಿ, ಆಸ್ಪತ್ರೆ, ರಸ್ತೆ, ಸಮುದಾಯ ಭವನಗಳು ಮಂಡಳಿಯ ಹಣದಿಂದ ನಿರ್ಮಾಣಗೊಳ್ಳುತ್ತವೆ. ಕಲೆಗೆ ಪ್ರತ್ಯೇಕ ಹಣ ಹುಡುಕುವುದಕ್ಕಿಂತ, ಈ ಕಟ್ಟಡಗಳ ಅಂದಾಜು ಪಟ್ಟಿಯೊಳಗೇ ಅದಕ್ಕೆ ಸ್ಥಳ ಮಾಡಿಕೊಡುವುದು ಪ್ರಾಯೋಗಿಕ ಮಾರ್ಗವೆಂದು ತೋರುತ್ತದೆ. ಒಂದು ಕೋಟಿ ರೂ. ವೆಚ್ಚದ ಕಟ್ಟಡದಲ್ಲಿ ಶೇ. 1 ಎಂದರೆ ಒಂದು ಲಕ್ಷ ರೂ. ಮುಂಬಾಗಿಲಿನ ಟೈಲ್ಸ್ ಆಯ್ಕೆಯಲ್ಲಿ ಆಗುವ ವ್ಯತ್ಯಾಸ ಕೆಲವೊಮ್ಮೆ ಇದಕ್ಕಿಂತ ಹೆಚ್ಚಿರುತ್ತದೆ.

ಇದು ಹೊಸ ಕಲ್ಪನೆಯೇನಲ್ಲ. ಫ್ರಾನ್ಸ್‌ನಲ್ಲಿ 1951ರಿಂದ ಶಾಲಾ ಕಟ್ಟಡಗಳ ವೆಚ್ಚದ ಶೇ. 1ರಷ್ಟನ್ನು ಕಲೆಗೆ ಮೀಸಲಿಡುವ ಪದ್ಧತಿ ಬಂದಿತು. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಇಂತಹ ನಿಯಮ ಮಾಡಿತು. ಸರ್ಕಾರಿ ಕಟ್ಟಡಗಳು ಭಾರತೀಯ ಕಲಾವಿದರಿಗೆ ಉತ್ತೇಜನ ನೀಡಬೇಕೆಂಬ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಅಭಿಪ್ರಾಯದಂತೆ, ನವದೆಹಲಿಯ ಭಾರತೀಯ ರಿಸರ್ವ್ ಬ್ಯಾಂಕ್ ಕಟ್ಟಡಕ್ಕೆ 1950ರ ದಶಕದಲ್ಲಿ ರಾಮ್‌ಕಿಂಕರ್ ಬೈಜ್ ಅವರಿಗೆ ಯಕ್ಷ ಮತ್ತು ಯಕ್ಷಿ ಶಿಲ್ಪಗಳ ಕೆಲಸ ವಹಿಸಲಾಯಿತು. ಶಿಲ್ಪಗಳು ಪೂರ್ಣಗೊಂಡದ್ದು 1967ರಲ್ಲಿ. ಆರ್ಥಿಕ ವರ್ಷದ ಮಾರ್ಚ್ 31ರೊಳಗೆ ಬಿಲ್ಲು ಪಾಸಾಗದಿದ್ದರೆ ಅನುದಾನ ಹಿಂದಿರುಗುವ ಪದ್ಧತಿಯಲ್ಲಿ ಆ ಶಿಲ್ಪಗಳು ಎಂದಿಗೂ ಮುಗಿಯುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿಯೇ, 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಕೆತ್ತನೆ ಕೆಲಸ ಕಟ್ಟಡದ ಅವಿಭಾಜ್ಯ ಅಂಗವಾಗಿತ್ತು. ದುಂದುವೆಚ್ಚವೆಂಬ ಟೀಕೆಯನ್ನು ಕೆಂಗಲ್ ಹನುಮಂತಯ್ಯನವರು ಅಂದು ಎದುರಿಸಿದರು. ಇಂದು ಅದೇ ಕಟ್ಟಡ ರಾಜ್ಯದ ಗುರುತಾಗಿದೆ.

ಕೆಲಸ ವಹಿಸುವ ವಿಧಾನ ಮತ್ತು ಅದರ ತೊಡಕು

ಸರ್ಕಾರಿ ಸಂಸ್ಥೆಗಳ ಖರೀದಿ ಮತ್ತು ಕಾಮಗಾರಿಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಟ್ಟಿವೆ. ನಿಗದಿತ ಮಿತಿಯನ್ನು ಮೀರಿದ ಕೆಲಸಕ್ಕೆ ಟೆಂಡರ್ ಕರೆಯುವುದು ಕಡ್ಡಾಯ. ಷರತ್ತುಗಳನ್ನು ಪೂರೈಸಿದವರಲ್ಲಿ ಕನಿಷ್ಠ ದರ ನಮೂದಿಸಿದವರಿಗೆ ಕಾರ್ಯಾದೇಶ ನೀಡುವುದು ವಾಡಿಕೆ. ಚರಂಡಿ, ಕೊಳವೆಬಾವಿ, ಬೀದಿ ದೀಪಗಳಿಗೆ ಈ ವಿಧಾನ ಸೂಕ್ತ. ಸಾರ್ವಜನಿಕ ಹಣಕ್ಕೆ ಅದು ರಕ್ಷಣೆಯೂ ಹೌದು. ಆದರೆ ಚಿತ್ರ ಮತ್ತು ಶಿಲ್ಪದ ವಿಷಯದಲ್ಲಿ ಇದರಿಂದ ಉಂಟಾಗುವ ತೊಡಕನ್ನು ಒಪ್ಪಿಕೊಳ್ಳಬೇಕು.

ಮೊದಲ ತೊಡಕು ಅಂದಾಜು ಪಟ್ಟಿಯದು. ಅಭಿಯಂತರರು ಇಲಾಖಾ ದರಪಟ್ಟಿಯ ಆಧಾರದ ಮೇಲೆ ಅಂದಾಜು ತಯಾರಿಸುತ್ತಾರೆ. ದರಪಟ್ಟಿಯಲ್ಲಿ ಗೋಡೆಗೆ ಬಣ್ಣ ಬಳಿಯಲು ಚದರ ಮೀಟರಿಗೆ ದರವಿರುತ್ತದೆ; ರೇಖೆಗೆ, ಕಲ್ಪನೆಗೆ, ಕರಡು ಚಿತ್ರಕ್ಕೆ ದರವಿರುವುದಿಲ್ಲ. ಸುರಪುರ ಶೈಲಿಯ ಒಂದು ಅಡಿ ಚಿತ್ರಕ್ಕೆ ಹಿಡಿಯುವ ದಿನಗಳನ್ನು ಅಳತೆ ಪುಸ್ತಕದಲ್ಲಿ ದಾಖಲಿಸುವ ಕಾಲಂ ಇಲ್ಲ. ಎರಡನೆಯದು ಅರ್ಹತಾ ಷರತ್ತು. ಗುತ್ತಿಗೆದಾರರ ನೋಂದಣಿ, ಹಿಂದಿನ ವರ್ಷಗಳ ವಹಿವಾಟು, ಜಿಎಸ್‌ಟಿ ಸಂಖ್ಯೆ, ಮುಂಗಡ ಠೇವಣಿ ಇವು ಸಣ್ಣ ಊರಿನ ಕಲಾವಿದನಲ್ಲಿ ಇರುವುದು ಅಪರೂಪ. ಪರಿಣಾಮವಾಗಿ ಸಿವಿಲ್ ಗುತ್ತಿಗೆದಾರರು ಕಾಮಗಾರಿ ಪಡೆದು, ಚಿತ್ರದ ಭಾಗವನ್ನು ಕಲಾವಿದನಿಗೆ ಒಳಗುತ್ತಿಗೆ ನೀಡುವ ಸಂದರ್ಭ ಬರುತ್ತದೆ. ಆಗ ಕಲಾವಿದನ ಹೆಸರು ಕಡತದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅವನಿಗೆ ಸಂದ ಕೂಲಿ ಎಷ್ಟೆಂಬುದನ್ನು ಲೆಕ್ಕಪರಿಶೋಧನೆಯೂ ಹೇಳಲಾರದು.

ಅಧಿನಿಯಮದ 4(ಜಿ) ಕಲಂ ಅನ್ವಯ ಸರ್ಕಾರವು ಅಧಿಸೂಚನೆಯ ಮೂಲಕ ನಿರ್ದಿಷ್ಟ ಸಂಗ್ರಹಣೆಗೆ ವಿನಾಯಿತಿ ನೀಡಬಹುದು. ನಿರ್ಮಿತಿ ಕೇಂದ್ರದಂತಹ ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ಕೆಲಸ ವಹಿಸುವ ಪದ್ಧತಿಯೂ ಇದೆ. ವಿನಾಯಿತಿಯಿಂದ ಟೆಂಡರಿನ ತೊಡಕು ನಿವಾರಣೆಯಾದರೂ ಆಯ್ಕೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕನಿಷ್ಠ ದರದವನೋ ಪರಿಚಯದವನೋ ಎಂಬ ಇಬ್ಬರ ನಡುವೆ ಮೂರನೆಯ ದಾರಿಯೊಂದಿದೆ. ಮೊತ್ತವನ್ನು ಮೊದಲೇ ನಿಗದಿಪಡಿಸಿ ಪ್ರಕಟಿಸುವುದು. ಕರಡು ಚಿತ್ರಗಳನ್ನು ಆಹ್ವಾನಿಸುವುದು. ಆಯ್ಕೆಯಾದ ಮೂರು-ನಾಲ್ಕು ಕರಡುಗಳಿಗೆ ಸಣ್ಣ ಸಂಭಾವನೆ ನೀಡುವುದು. ಅವುಗಳನ್ನು ನಗರಸಭೆಯ ಆವರಣದಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇಟ್ಟು, ಅಕಾಡೆಮಿಯ ಪ್ರತಿನಿಧಿ, ಅಭಿಯಂತರರು ಮತ್ತು ಸ್ಥಳೀಯರಿರುವ ಸಮಿತಿಯಿಂದ ಅಂತಿಮ ಆಯ್ಕೆ ಮಾಡಿಸುವುದು. ಹೀಗೆ ಮಾಡಿದರೆ ಸ್ಪರ್ಧೆ ನಡೆಯುವುದು ದರದಲ್ಲಲ್ಲ, ಗುಣದಲ್ಲಿ. ಪಾರದರ್ಶಕತೆಯ ಆಶಯಕ್ಕೂ ಧಕ್ಕೆಯಾಗುವುದಿಲ್ಲ.

ವೃತ್ತಗಳ ಪ್ರತಿಮೆಗಳು

ನಗರಸಭೆಗಳಿಗೆ ಸಂಘ ಸಂಸ್ಥೆಗಳಿಂದ ಬರುವ ಮನವಿಗಳಲ್ಲಿ ವೃತ್ತಕ್ಕೆ ನಾಮಕರಣ ಮತ್ತು ಮಹನೀಯರ ಪ್ರತಿಮೆ ಸ್ಥಾಪನೆಯ ಕೋರಿಕೆಗಳು ಪ್ರಮುಖವಾದವು. ಪ್ರತಿಮೆ ಒಂದು ಸಮುದಾಯದ ಗೌರವದ ಸಂಕೇತ. ಬಹುಕಾಲ ಊರಿನ ಮಧ್ಯದಲ್ಲಿ ಸ್ಥಾನವೇ ಇಲ್ಲದಿದ್ದವರು ತಮ್ಮವರೊಬ್ಬರನ್ನು ಅಲ್ಲಿ ಕಾಣಬಯಸುವುದನ್ನು ಕೇವಲ ಅಲಂಕಾರದ ಆಸೆಯೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಹಾಗೆಂದು ಮನವಿ ಸಲ್ಲಿಸುವವರು ಕಾನೂನಿನ ಸ್ಥಿತಿಯನ್ನು ತಿಳಿದಿರುವುದು ಅವಶ್ಯ.

2013ರ ಜನವರಿ 18ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದಂತೆ ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆ ಬದಿ ಹಾಗೂ ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪಿಸಲು ಅಥವಾ ಕಟ್ಟಡ ನಿರ್ಮಿಸಲು ರಾಜ್ಯ ಸರ್ಕಾರಗಳು ಅನುಮತಿ ನೀಡತಕ್ಕದ್ದಲ್ಲ. ಬೀದಿ ದೀಪ, ವಿದ್ಯುತ್, ಸಂಚಾರ ವ್ಯವಸ್ಥೆ, ರಸ್ತೆಗಳ ಅಭಿವೃದ್ಧಿ ಮತ್ತು ಸೌಂದರ್ಯೀಕರಣ ಹಾಗೂ ಸಾರ್ವಜನಿಕ ಸೌಲಭ್ಯಗಳಿಗೆ ಈ ಆದೇಶ ಅನ್ವಯಿಸುವುದಿಲ್ಲವೆಂದೂ ಅದರಲ್ಲಿ ಸ್ಪಷ್ಟಪಡಿಸಲಾಗಿದೆ. ಆದಕಾರಣ ನಗರಸಭೆಯ ಸಾಮಾನ್ಯ ಸಭೆಯಲ್ಲಿ ನಿರ್ಣಯವಾದ ಮಾತ್ರಕ್ಕೆ ರಸ್ತೆ ಮಧ್ಯದಲ್ಲಿ ಪ್ರತಿಮೆ ನಿಲ್ಲಿಸಲು ಅವಕಾಶ ದೊರೆತಂತಾಗುವುದಿಲ್ಲ. ರಾತ್ರೋರಾತ್ರಿ ಸ್ಥಾಪಿಸಿದ ಪ್ರತಿಮೆಯನ್ನು ತೆರವುಗೊಳಿಸುವ ಪ್ರಸಂಗ ಬಂದಾಗ ಅವಮಾನವಾಗುವುದು ಆ ಮಹನೀಯರಿಗೇ. ತೊಂದರೆಗೆ ಸಿಲುಕುವವರು ಊರಿನ ಯುವಕರು. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ಹಣ ದೊರೆಯಬಹುದೆಂಬ ನಿರೀಕ್ಷೆಯೂ ಹುಸಿಯಾಗಬಹುದು. 2016ರ ಮಾರ್ಗಸೂಚಿಯ ನಿಷಿದ್ಧ ಕಾಮಗಾರಿಗಳ ಪಟ್ಟಿಯಲ್ಲಿಯೇ ಸ್ಮಾರಕಗಳು ಸೇರಿದ್ದವು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಬಳಿಯಾದರೆ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ.

ಉದ್ಯಾನ, ಗ್ರಂಥಾಲಯದ ಆವರಣ, ಕಚೇರಿ ಸಂಕೀರ್ಣದ ಒಳಭಾಗದಂತಹ ಸ್ಥಳಗಳು ರಸ್ತೆಯ ಮಧ್ಯಭಾಗಕ್ಕಿಂತ ಸುರಕ್ಷಿತ. ಗಾತ್ರದ ಪೈಪೋಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. 2022ರ ನವೆಂಬರ್ 11ರಂದು ಬೆಂಗಳೂರು ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡ, ರಾಮ್ ವಿ. ಸುತಾರ್ ರೂಪಿಸಿದ ಕೆಂಪೇಗೌಡರ ಕಂಚಿನ ಪ್ರತಿಮೆಯ ಎತ್ತರ 108 ಅಡಿ. ಅಂತಹ ಯೋಜನೆಗೆ ಬೇಕಾದ ಹಣ, ಸ್ಥಳ, ನಿರ್ವಹಣಾ ವ್ಯವಸ್ಥೆ ತಾಲ್ಲೂಕು ಕೇಂದ್ರದಲ್ಲಿ ಇರುವುದಿಲ್ಲ. ಅದನ್ನೇ ಮಾದರಿಯಾಗಿಟ್ಟುಕೊಂಡು ಸಿಮೆಂಟಿನಲ್ಲಿ ಎತ್ತರದ ಮೂರ್ತಿ ಮಾಡಿಸಿದರೆ, ಯಾದಗಿರಿಯ ಬೇಸಿಗೆಯ ಬಿಸಿಲಿಗೆ ಅದು ಎಷ್ಟು ವರ್ಷ ಬಾಳುತ್ತದೆಂಬುದನ್ನು ಅನುಭವಿ ಶಿಲ್ಪಿಗಳನ್ನು ಕೇಳಿ ತಿಳಿಯುವುದು ಒಳಿತು.

ಗೋಡೆಯ ಚಿತ್ರ ಮತ್ತು ಫ್ಲೆಕ್ಸ್

2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಸ್ತೆ ಬದಿಯ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವುದನ್ನು ತಡೆಯಲು ಅವುಗಳ ಮೇಲೆ ಚಿತ್ರ ಬರೆಸುವ ಕಾರ್ಯ ಕೈಗೊಂಡಿತು. ಸಿನಿಮಾ ಬ್ಯಾನರ್ ಮತ್ತು ನಾಮಫಲಕ ಬರೆದು ಜೀವಿಸುತ್ತಿದ್ದು, ಫ್ಲೆಕ್ಸ್ ಮುದ್ರಣ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಚಿತ್ರಕಾರರಿಗೆ ಇದರಿಂದ ಕೈತುಂಬ ಕೆಲಸ ದೊರೆಯಿತು. ಹಂಪಿ, ಜಲಪಾತ, ಹುಲಿ, ಯಕ್ಷಗಾನದ ವೇಷ ಇವೇ ಮರುಕಳಿಸುತ್ತವೆಂದು ಕಲಾ ವಲಯದಲ್ಲಿ ಆಕ್ಷೇಪ ಬಂದದ್ದೂ ಉಂಟು. ಎರಡೂ ಸತ್ಯವೇ. ಉದ್ಯೋಗ ಕಲ್ಪಿಸಿದ್ದು ಯೋಜನೆಯ ಶಕ್ತಿ. ಏನು ಬರೆಯಬೇಕೆಂದು ಚಿತ್ರಕಾರನನ್ನು ಕೇಳದಿದ್ದದ್ದು ಅದರ ಕೊರತೆ.

ಸ್ವಚ್ಛ ಭಾರತ ಅಭಿಯಾನದ ನಂತರ, ವಿಶೇಷವಾಗಿ 2016ರಿಂದ ಸ್ವಚ್ಛ ಸರ್ವೇಕ್ಷಣ ನಡೆಯತೊಡಗಿದ ಮೇಲೆ, ಸಣ್ಣ ನಗರಗಳಿಗೂ ಗೋಡೆ ಚಿತ್ರ ಬಂದಿತು. ಮಾಹಿತಿ, ಶಿಕ್ಷಣ ಮತ್ತು ಸಂವಹನ ಶೀರ್ಷಿಕೆಯ ಹಣ ಇದಕ್ಕೆ ಮುಖ್ಯ ಆಧಾರ. ಹಸಿ ಕಸ, ಒಣ ಕಸದ ಎರಡು ಬುಟ್ಟಿ, ಪೊರಕೆ, ಗಾಂಧೀಜಿಯವರ ಕನ್ನಡಕ ದೇಶದ ಯಾವ ಊರಿಗೆ ಹೋದರೂ ಒಂದೇ ಬಗೆಯಾಗಿ ಕಾಣಿಸುತ್ತವೆ. ಸಂದೇಶ ಅದೇ ಇರಲಿ, ಚಿತ್ರ ಊರಿನದಾಗಿರಬಾರದೇಕೆ? ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ಮಕ್ಕಳೂ ಬಲ್ಲರು. ಯಾದಗಿರಿಯ ಕೋಟೆ, ಮೈಲಾಪುರದ ಜಾತ್ರೆ, ತಿಂಥಣಿಯ ಮೌನೇಶ್ವರ, ಬೋನಾಳ ಕೆರೆಗೆ ಬರುವ ಹಕ್ಕಿಗಳು ಇವೆಲ್ಲ ಗೋಡೆಗೆ ಒದಗುವ ವಸ್ತುಗಳೇ. ಸಾಕ್ಷರತೆ ಕಡಿಮೆಯಿರುವ ಜಿಲ್ಲೆಯಲ್ಲಿ ಚಿತ್ರಕ್ಕೆ ಇನ್ನೊಂದು ಉಪಯೋಗವೂ ಇದೆ. ಯಾವ ಕಿಟಕಿಯಲ್ಲಿ ಯಾವ ಅರ್ಜಿ ಎಂಬುದನ್ನು ಅಕ್ಷರದ ಫಲಕ ಮಾತ್ರ ಹೇಳಿದರೆ, ಅರ್ಜಿದಾರರಲ್ಲಿ ಅನೇಕರು ಮತ್ತೊಬ್ಬರನ್ನು ಕೇಳಬೇಕಾಗುತ್ತದೆ. ಕೇಳಿದ್ದಕ್ಕೆ ಹಣ ತೆರುವ ಸಂದರ್ಭವೂ ಬರಬಹುದು. ಸ್ಪಷ್ಟವಾದ ಚಿತ್ರಫಲಕ, ಸರಿಯಾದ ಎತ್ತರದ ಕೌಂಟರ್, ಗಾಲಿಕುರ್ಚಿ ಏರಬಲ್ಲ ಇಳಿಜಾರು ಇವು ಉತ್ತಮ ವಿನ್ಯಾಸದ ಮೊದಲ ಪಾಠಗಳು. ವೃತ್ತದ ಕಾರಂಜಿಗಿಂತ ಮುನ್ನ ಇವುಗಳಿಗೆ ಹಣ ದೊರೆಯಬೇಕು.

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಮತ್ತು ಬ್ಯಾನರ್‌ಗಳೂ ಸೇರಿವೆ. ಅದು ಪೂರ್ಣವಾಗಿ ಜಾರಿಯಾದರೆ ಕೈಬರಹದ ಚಿತ್ರಕಾರರಿಗೆ ಮತ್ತೆ ಕೆಲಸ ದೊರೆಯುತ್ತದೆ. ಹುಟ್ಟುಹಬ್ಬದ ಶುಭಾಶಯಗಳು ಫ್ಲೆಕ್ಸಿನಲ್ಲಿಯೇ ಮುಂದುವರಿದರೆ ಮಾತ್ರ ಯಾವ ಕಲಾ ಯೋಜನೆಯೂ ಅವರನ್ನು ಉಳಿಸಲಾರದು.

ನಿರ್ವಹಣೆ ಮತ್ತು ಕಲಾವಿದನ ಹಕ್ಕು

ಕಲಾಕೃತಿಗೆ ಹಣ ನೀಡಿದ ಮೇಲೆ ಅದನ್ನು ಏನು ಬೇಕಾದರೂ ಮಾಡಬಹುದೆಂಬ ಭಾವನೆ ಕಚೇರಿಗಳಲ್ಲಿ ಸಾಮಾನ್ಯ. ಈ ಬಗ್ಗೆ ಅಮರನಾಥ ಸೆಹಗಲ್ ಪ್ರಕರಣವನ್ನು ಗಮನಿಸಬೇಕು. ನವದೆಹಲಿಯ ವಿಜ್ಞಾನ ಭವನಕ್ಕಾಗಿ 1957ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಬೃಹತ್ ಕಂಚಿನ ಭಿತ್ತಿಶಿಲ್ಪದ ಕೆಲಸ ವಹಿಸಿತು. 1979ರಲ್ಲಿ ಕಟ್ಟಡದ ನವೀಕರಣದ ವೇಳೆ ಕಲಾವಿದರಿಗೆ ತಿಳಿಸದೆ ಅದನ್ನು ಕಳಚಿ ಗೋದಾಮಿಗೆ ಹಾಕಲಾಯಿತು, ಭಾಗಗಳು ಹಾನಿಗೊಂಡವು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 1957ರ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಕಲಮಿನಡಿ ಕಲಾವಿದರ ನೈತಿಕ ಹಕ್ಕನ್ನು ಎತ್ತಿಹಿಡಿದು, ಶಿಲ್ಪದ ಅವಶೇಷಗಳನ್ನು ಅವರಿಗೆ ಹಿಂದಿರುಗಿಸಲು ಮತ್ತು 5 ಲಕ್ಷ ರೂ. ಪರಿಹಾರ ನೀಡಲು ಆದೇಶಿಸಿತು. ರಸ್ತೆ ಅಗಲೀಕರಣಕ್ಕಾಗಿ ಗೋಡೆ ಕೆಡವುವ ಮುನ್ನ, ಚಿತ್ರದ ಮೇಲೆ ಸುಣ್ಣ ಬಳಿಯುವ ಮುನ್ನ, ಬರೆದವರಿಗೆ ಒಂದು ನೋಟಿಸು ನೀಡುವುದರಿಂದ ಯಾವ ಕಾಮಗಾರಿಯೂ ನಿಲ್ಲುವುದಿಲ್ಲ. ಕಾರ್ಯಾದೇಶದಲ್ಲಿಯೇ ಕಲಾವಿದನ ಹೆಸರಿನ ಫಲಕ, ನಿರ್ವಹಣೆಯ ಅವಧಿ, ತೆರವಿನ ಮುನ್ನ ತಿಳಿವಳಿಕೆ ಈ ಮೂರು ಷರತ್ತುಗಳನ್ನು ಸೇರಿಸುವುದು ಸಾಧ್ಯ.

ಮನ್ನಣೆ

ಚಿತ್ರಕಲೆಗೆ ಕರ್ನಾಟಕ ಲಲಿತಕಲಾ ಅಕಾಡೆಮಿಯ ಮತ್ತು ಶಿಲ್ಪಕ್ಕೆ ಕರ್ನಾಟಕ ಶಿಲ್ಪಕಲಾ ಅಕಾಡೆಮಿಯ ಪ್ರಶಸ್ತಿಗಳಿವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ವರ್ಣಶಿಲ್ಪಿ ವೆಂಕಟಪ್ಪ ಹಾಗೂ ಜಕಣಾಚಾರಿ ಪ್ರಶಸ್ತಿಗಳನ್ನು ಸ್ಥಾಪಿಸಿದೆ. ವಸ್ತುಗಳ ವಿನ್ಯಾಸಕ್ಕಾಗಿ, 2007ರ ರಾಷ್ಟ್ರೀಯ ವಿನ್ಯಾಸ ನೀತಿಯ ಫಲವಾಗಿ ಇಂಡಿಯಾ ಡಿಸೈನ್ ಮಾರ್ಕ್ ಎಂಬ ಗುರುತು ಜಾರಿಗೆ ಬಂದಿದೆ. 1957ರಿಂದ ಜಪಾನಿನಲ್ಲಿರುವ ಇಂತಹುದೇ ಗುರುತು ಅದಕ್ಕೆ ಮಾದರಿ. ಇವೆಲ್ಲ ವ್ಯಕ್ತಿಗೆ ಅಥವಾ ವಸ್ತುವಿಗೆ ಸಲ್ಲುವ ಮನ್ನಣೆಗಳು. ಒಂದು ಸರ್ಕಾರಿ ಶಾಲೆಯನ್ನು ನೆರಳು ಮತ್ತು ಗಾಳಿ ಬರುವಂತೆ ಕಟ್ಟಿದ ಅಭಿಯಂತರರಿಗೆ, ಸ್ಥಳೀಯ ಕಲ್ಲನ್ನು ಅಂದವಾಗಿ ಜೋಡಿಸಿದ ಮೇಸ್ತ್ರಿಗೆ, ಬಸ್ ತಂಗುದಾಣವನ್ನು ಕುಳಿತುಕೊಳ್ಳಲು ಯೋಗ್ಯವಾಗಿ ರೂಪಿಸಿದವರಿಗೆ ಊರಿನ ಮಟ್ಟದಲ್ಲಿ ಮನ್ನಣೆ ನೀಡಲು ಹೆಚ್ಚಿನ ಹಣ ಬೇಕಿಲ್ಲ.

ಮನ್ನಣೆಯಿಂದ ಕಸುಬು ಉಳಿಯುತ್ತದೆಯೇ ಎಂಬುದಕ್ಕೆ ಬೀದರ್ ನಿದರ್ಶನವಾಗಬಲ್ಲದು. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಬಿದ್ರಿಗೆ ಕೊಳ್ಳುವವರು ಮೊದಲಿನಿಂದಲೂ ಇದ್ದರು. ಸುರಪುರದ ಚಿತ್ರಕ್ಕೆ ಪ್ರಶಸ್ತಿಗಿಂತ ಮೊದಲು ಬೇಕಾಗಿರುವುದು ಗಿರಾಕಿ. ಜಿಲ್ಲೆಯ ಸರ್ಕಾರಿ ಕಚೇರಿಗಳೇ ಆ ಗಿರಾಕಿಯಾಗಬಹುದು. ಸನ್ಮಾನಗಳಲ್ಲಿ ನೀಡುವ ಪ್ಲಾಸ್ಟಿಕ್ ನೆನಪಿನ ಕಾಣಿಕೆಗಳ ಬದಲು ಸುರಪುರ ಶೈಲಿಯ ಒಂದು ಸಣ್ಣ ಚಿತ್ರವನ್ನು ಕೊಂಡರೂ ಕಲಿಯುವ ಹುಡುಗರಿಗೆ ವರ್ಷಪೂರ್ತಿ ಕೆಲಸ ಉಳಿಯುತ್ತದೆ.

ಸಾರ್ವಜನಿಕರ ಅವಗಾಹನೆಗೆ

ಪ್ರತಿಮೆ ಅಥವಾ ವೃತ್ತ ನಾಮಕರಣಕ್ಕೆ ಸಂಬಂಧಿಸಿದ ಮನವಿಯನ್ನು ಪೌರಾಯುಕ್ತರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಮನವಿಯಲ್ಲಿ ಸ್ಥಳದ ನಕ್ಷೆ, ಜಾಗದ ಒಡೆತನ, ಹಣದ ಮೂಲ ಮತ್ತು ಮುಂದಿನ ನಿರ್ವಹಣೆಯ ಹೊಣೆಯನ್ನು ಸ್ಪಷ್ಟವಾಗಿ ನಮೂದಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ. ಖಾಸಗಿ ಗೋಡೆಯ ಮೇಲೆ ಚಿತ್ರ ಬರೆಯಲು ಮಾಲೀಕರ ಲಿಖಿತ ಒಪ್ಪಿಗೆ, ಸರ್ಕಾರಿ ಗೋಡೆಯಾದರೆ ಸಂಬಂಧಿಸಿದ ಕಚೇರಿಯ ಅನುಮತಿ ಪಡೆಯಬೇಕು. ಹಿರಿಯ ಮತ್ತು ಅಶಕ್ತ ಕಲಾವಿದರ ಮಾಸಾಶನ, ಸಂಘ ಸಂಸ್ಥೆಗಳ ಧನಸಹಾಯ ಕುರಿತು ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಇವುಗಳಿಗೆ ಮಧ್ಯವರ್ತಿಗಳ ಅವಶ್ಯಕತೆ ಇರುವುದಿಲ್ಲ.

ಯಾವುದೇ ವೃತ್ತ ಅಥವಾ ಗೋಡೆ ಚಿತ್ರಕ್ಕೆ ತಗುಲಿದ ವೆಚ್ಚ, ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ನಕಲನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂ. ಶುಲ್ಕ ಪಾವತಿಸಿ ಕೋರಬಹುದು; ಉತ್ತರಕ್ಕೆ 30 ದಿನಗಳ ಅವಧಿ ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ನಗರಸಭೆಗಳು ಪ್ರತಿ ವರ್ಷ ಆಯವ್ಯಯ ಮಂಡನೆಗೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿ ಸಾಮಾನ್ಯವಾಗಿ ನೀರು, ಬೀದಿ ದೀಪ, ಚರಂಡಿಯ ದೂರುಗಳು ಕೇಳಿಬರುತ್ತವೆ. ಅವು ಮೊದಲು ಬರಬೇಕಾದವೇ. ಅದೇ ಸಭೆಯಲ್ಲಿ, ಮುಂದಿನ ವರ್ಷ ಕಟ್ಟಲಿರುವ ಒಂದು ಕಟ್ಟಡದ ಹೆಸರು ಹೇಳಿ, ಅದರ ಯಾವ ಗೋಡೆಗೆ ಯಾವ ಕೆಲಸ ಬೇಕು, ಅದಕ್ಕೆ ಎಷ್ಟು ಮೊತ್ತ, ಆಯ್ಕೆ ಹೇಗೆ ಎಂಬ ಒಂದು ಪುಟದ ಲಿಖಿತ ಸಲಹೆಯನ್ನು ಕಲಾವಿದರು ಮತ್ತು ನಾಗರಿಕರು ಸಲ್ಲಿಸಬಹುದು. ಸಭಾ ನಡಾವಳಿಯಲ್ಲಿ ಸಲಹೆಯು ದಾಖಲಾಗಿದೆಯೇ ಎಂಬುದನ್ನು ನಂತರ ನಡಾವಳಿಯ ಪ್ರತಿ ಪಡೆದು ಖಚಿತಪಡಿಸಿಕೊಳ್ಳತಕ್ಕದ್ದು.